ಸೊಸೆ ಬಚ್ಚಲಲ್ಲಿ ಹೇಳಿದ ಮಾತು

ಇದು ಮೂರು ವರ್ಷದ ಹಿಂದಿನ ಸಂಗತಿ. ಆಗ ನಾನು ಹಳದೀಪುರ ಮತ್ತು ಸುತ್ತಲಿನ ಊರುಗಳಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವ, ಮಗು ಮೀಯಿಸುವ ಕೆಲಸ ಮಾಡುತ್ತಿದ್ದೆ. ಮೂವತ್ತು ವರ್ಷ ಅದನ್ನೇ ಮಾಡಿದವಳು ನಾನು. ಓದಿದ್ದು ನಾಲ್ಕನೇ ಇಯತ್ತೆ. ಈಗ ಸೊಂಟ ಕೇಳುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ಬರೆಯಲು ಕುಳಿತರೆ ಮೊಮ್ಮಗಳು ಓಡಿ ಬಂದು ಪೆನ್ನು ಕಸಿಯುತ್ತಾಳೆ. ಕೊಡು ಅಂದರೆ ನಗುತ್ತಾಳೆ. ಆ ನಗು ನೋಡಿದರೆ ಬರೆಯುವುದೂ ಮರೆತುಹೋಗುತ್ತದೆ.

ಆ ವರ್ಷ ನಮ್ಮ ಆರೋಗ್ಯ ಕೇಂದ್ರಕ್ಕೆ ಸಿಂಧು ಎಂಬ ಹುಡುಗಿ ಬಂದಳು. ದಾವಣಗೆರೆ ಕಡೆಯವಳು. ಮನಶ್ಶಾಸ್ತ್ರ, ಅಂದರೆ ಮನಸ್ಸಿನ ಕಷ್ಟಗಳ ವಿದ್ಯೆ, ಕಲಿತು ಹಳ್ಳಿಗಳಲ್ಲಿ ಕೆಲಸ ಮಾಡುವ ಟ್ರೇನಿಂಗಿಗೆ ಬಂದಿದ್ದಳು. ಡಾಕ್ಟರು ನನ್ನನ್ನು ಕರೆಸಿ, “ಮಾದೇವಕ್ಕ, ಇವರನ್ನು ಜೊತೆಗೆ ಕರ್ಕೊಂಡು ಹೋಗಿ. ನಾವು ಹೋದರೆ ಜಗಲಿಯ ತನಕ. ನೀವು ಒಳಗಿನ ತನಕ ಹೋಗುವವರು” ಅಂದರು.

ಮೊದಲ ಮನೆಯಲ್ಲೇ ಎಡವಟ್ಟಾಯಿತು. ಸಿಂಧು ಜಗಲಿಯಲ್ಲಿ ಕುಳಿತು, ಫಾರ್ಮು ಬಿಡಿಸಿ, ಬಾಣಂತಿಯನ್ನು ಎದುರಿಗೆ ಕೂರಿಸಿಕೊಂಡು, “ಇತ್ತೀಚಿನ ದಿನಗಳಲ್ಲಿ ನಿಮ್ಮ ಮನಃಸ್ಥಿತಿ ಹೇಗಿದೆ?” ಎಂದು ಕೇಳಿದಳು. ಬಾಣಂತಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅತ್ತೆ.

“ಅವಳಿಗೆ ಎಂತ ಆಗುದು? ಮೂರು ಹೊತ್ತೂ ಬಿಸಿ ಅನ್ನ ಬಡಿಸುದು ನಾನು. ಮನಸ್ಥಿತಿ ಕೇಳುದಾದ್ರೆ ನಂದು ಕೇಳಿ!”

ದಾರಿಯಲ್ಲಿ ಸಿಂಧುವಿನ ಮುಖ ಇಷ್ಟೇ ಆಗಿತ್ತು. ನಾನೆಂದೆ, “ಅತ್ತೆ ಎದುರಿಗೆ ಸೊಸೆ ಎಂತ ಹೇಳುದು, ಮಗಾ? ನಾಳೆ ಆ ಕಾಗದ ಮನೇಲಿಟ್ಟು ಬಾ. ಚೊಂಬು ಹಿಡಿ.”

ಬಾಣಂತಿಗೆ ನೀರು ಹಾಕುವಾಗ ಬಚ್ಚಲಿನ ಬಾಗಿಲು ಹಾಕಿರುತ್ತದೆ. ಗಾಳಿ ತಾಗಬಾರದಲ್ಲ. ಒಳಗೆ ಹೊಗೆ, ಹಬೆ. ಅವಳು ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ, ನಾವು ಬೆನ್ನ ಹಿಂದೆ. ಮುಖ ಕಾಣದ ಆ ಹೊತ್ತಿನಲ್ಲಿ ಹೆಂಗಸರ ಬಾಯಿಂದ ಬರುವ ಮಾತು ಬೇರೆಲ್ಲೂ ಬರುವುದಿಲ್ಲ. ಸಿಂಧು ನೀರು ಬೆರೆಸಿಕೊಡುತ್ತ ಅದನ್ನು ಕೇಳಲು ಕಲಿತಳು. ನಾನು ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟೆ. ಮೀಯಿಸಿದ ಮಗುವನ್ನು ಸುತ್ತಿ ತಾಯಿಯ ಹತ್ತಿರ ಒಯ್ಯುವಾಗ ಮಗುವನ್ನು ನೋಡಬೇಡ, ತಾಯಿಯನ್ನು ನೋಡು. ಸೊಂಟ ಎತ್ತಲಾಗದವಳೂ ತಲೆ ಎತ್ತಿ ನೋಡುತ್ತಾಳೆ. ನೋಡದೇ ಇದ್ದರೆ ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಸಿಂಧು ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕಾಲೇಜಿನವರಿಗೆ ಪಾಠ ಹೇಳಿದೆ ಎಂದು ನಾಲ್ಕು ದಿನ ನನ್ನ ಕಾಲು ನೆಲಕ್ಕೇ ತಾಗಲಿಲ್ಲ.

ಅದೇ ಸಮಯಕ್ಕೆ ನನಗೆ ಮೊಮ್ಮಗಳು ಹುಟ್ಟಿದಳು. ಸೊಸೆ ಸುಜಾತ ಭಟ್ಕಳದ ಹತ್ತಿರದ ಹೆಬಳೆಯವಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಅವಳ ತಾಯಿ ಹಿಂದಿನ ವರ್ಷವೇ ತೀರಿಕೊಂಡಿದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಊರ ಮಕ್ಕಳನ್ನೆಲ್ಲ ಮೀಯಿಸಿದ ಕೈಗೆ ಸ್ವಂತ ಕೂಸು ಸಿಕ್ಕಿತ್ತು! ಹೈವೇಯಲ್ಲಿ ನಿಂತ ಬಸ್ಸು ಹತ್ತಿ ಕಂಡಕ್ಟರನಿಗೂ ಸಕ್ಕರೆ ಕೊಟ್ಟು ಇಳಿದವಳು ನಾನು. ಮೀಯಿಸುವುದು ನಾನು, ತೂಗುವುದು ನಾನು, ಮಲಗಿಸಿಕೊಳ್ಳುವುದು ನಾನು. ಹಾಲಿಗೆ ಮಾತ್ರ ಸುಜಾತಳ ಹತ್ತಿರ. ಅವಳು ಮಾತು ಕಡಿಮೆ ಮಾಡಿದ್ದಳು. ಅದು ಅವಳ ಸ್ವಭಾವ ಅಂದುಕೊಂಡೆ.

ಮೂರನೇ ವಾರ ಒಂದು ಬೆಳಿಗ್ಗೆ ಬೆನ್ನಿಗೆ ನೀರು ಹಾಕುತ್ತಿದ್ದಾಗ ಅವಳು ಗೋಡೆಗೆ ಹೇಳುವ ಹಾಗೆ ಹೇಳಿದಳು: “ಅತ್ತೆ, ಪಾಪುನ ನೀವೇ ಇಟ್ಕಳಿ. ನಂಗೆ ಬೇಡ.”

ನಾನು ಜೋರಾಗಿ ನಕ್ಕೆ. ಕೇರಿಗೆಲ್ಲ ಹೇಳಿಕೊಂಡು ಬಂದೆ, ನನ್ನ ಸೊಸೆ ಮಗುವನ್ನು ನನಗೇ ಬರೆದುಕೊಟ್ಟಳು ಎಂದು. ಮರುದಿನ ಕೆಲಸಕ್ಕೆ ಹೋಗುವಾಗ ಸಿಂಧುವಿಗೂ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. ದಾರಿಯಲ್ಲಿ ನಿಂತುಬಿಟ್ಟಳು.

“ಅಮ್ಮ, ಮೀಯಿಸಿ ತಂದಾಗ ಸುಜಾತ ತಲೆ ಎತ್ತಿ ನೋಡ್ತಾರಾ?”

ಮೀಯಿಸಿದ ಮಗುವನ್ನು ನಾನು ಒಂದು ದಿನವೂ ಅವಳ ಹತ್ತಿರ ಒಯ್ದಿರಲಿಲ್ಲ. ನೋಡಲು ಬಂದವರಿಗೆ ತೋರಿಸಲು ನೇರ ಜಗಲಿಗೆ ತರುತ್ತಿದ್ದೆ.

ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಮನೆಯ ಹಂಡೆ ನೀರು ನನಗಾಗಿ ಕಾದು ತಣ್ಣಗಾಯಿತು. ನಾವಿಬ್ಬರೂ ನನ್ನ ಮನೆಗೆ ತಿರುಗಿದೆವು. “ಇವತ್ತು ನೀರು ನಾನು ಹಾಕ್ತೀನಿ. ನೀವು ಹೊರಗಿರಿ” ಅಂದಳು ಸಿಂಧು. ನನ್ನ ಮನೆಯ ಬಚ್ಚಲಿಗೆ ನಾನೇ ಹೊರಗಿನವಳು! ಸಿಟ್ಟು ಬಂತು, ನುಂಗಿಕೊಂಡೆ. ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಕೂತೆ. ಒಳಗೆ ನೀರಿನ ಸದ್ದು ನಿಂತಿತು. ಆಮೇಲೆ ಸುಜಾತ ಅಳುವುದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು.

ಸಿಂಧು ಹೊರಗೆ ಬಂದು, ಸುಜಾತ ಹೇಳು ಅಂದಷ್ಟನ್ನೇ ಹೇಳಿದಳು. ಮಗು ಮಲಗಿದಾಗಲೂ ಅವಳಿಗೆ ನಿದ್ರೆ ಇಲ್ಲ. ಅಮ್ಮನ ನೆನಪು ಬಂದರೆ ಹೇಳಲು ಜನ ಇಲ್ಲ. ಎಲ್ಲರೂ ಇಷ್ಟು ಸಂತೋಷದಲ್ಲಿರುವಾಗ ತನಗೊಬ್ಬಳಿಗೇ ಆಗುತ್ತಿಲ್ಲವಲ್ಲ, ತಾನು ಇಲ್ಲದಿದ್ದರೇ ಈ ಮಗುವಿಗೆ ಒಳ್ಳೆಯದು ಅನ್ನಿಸುತ್ತಿತ್ತಂತೆ.

ಆ ದಿನವೇ ಮಗನ ರಿಕ್ಷಾದಲ್ಲಿ ಹೊನ್ನಾವರಕ್ಕೆ ಹೋದೆವು. ಇದು ಹೆರಿಗೆಯ ನಂತರ ಬರುವ ಡಿಪ್ರೆಶನ್, ಅಂದರೆ ಮನಸ್ಸು ಕುಗ್ಗಿಹೋಗುವ ಕಾಯಿಲೆ, ಸೊಕ್ಕಲ್ಲ, ಸೋಮಾರಿತನವಲ್ಲ, ಗುಣವಾಗುತ್ತದೆ ಎಂದರು ಅಲ್ಲಿನ ಡಾಕ್ಟರು. ಮಾತ್ರೆ ಕೊಟ್ಟರು. ಅವಳನ್ನು ಒಂಟಿಯಾಗಿ ಬಿಡಬೇಡಿ ಅಂದರು. ಸಿಂಧು ವಾರಕ್ಕೆರಡು ಸಲ ಬಂದು ಮಾತಾಡಿಸುತ್ತಿದ್ದಳು. ನನಗೂ ಪಥ್ಯ ಹೇಳಿದಳು: ಸುಜಾತಳ ಜೊತೆಗಿರಿ, ಕರೆಯದೆ ಮಗುವಿಗೆ ಕೈ ಹಾಕಬೇಡಿ. ಟ್ರೇನಿಂಗಿಗೆ ಬಂದವಳು ಅವಳು, ಟ್ರೇನಿಂಗು ಶುರುವಾದದ್ದು ನನಗೆ! ಮಗು ಅತ್ತರೆ ನನ್ನ ಕೈ ತಾನಾಗೇ ಮುಂದೆ ಹೋಗುತ್ತಿತ್ತು. ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ.

ಒಂದೇ ದಿನಕ್ಕೆ ಸರಿಯಾಗಲಿಲ್ಲ. ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಸುಜಾತಳೇ ಕರೆದಳೆಂದು ಹೋಗಿ ಮಗುವಿನ ತಲೆಗೆ ಎಣ್ಣೆ ಹಾಕುತ್ತಿದ್ದೆ.

“ಅತ್ತೆ, ಎಂತ ಮಾಡುದು ನೀವು? ಕಣ್ಣಿಗೆ ಎಣ್ಣೆ ಹೋತು! ಮೂವತ್ತು ವರ್ಷ ಹೀಂಗೇ ಮೀಸಿದ್ರಾ? ಕೊಡಿ ಇಲ್ಲಿ!”

ನನ್ನ ಕೈಕೆಲಸಕ್ಕೆ ಅದುವರೆಗೆ ಯಾರೂ ಹೆಸರಿಟ್ಟವರಿಲ್ಲ. ನಾನು ಅಂಗಳಕ್ಕೆ ಓಡಿ ಸಿಂಧುವಿಗೆ ಫೋನು ಮಾಡಿದೆ. “ಸುಜಾತ ನಂಗೆ ಬೈದಳು ಮಗಾ, ಸಮಾ ಬೈದಳು!” ಅನ್ನುವಷ್ಟರಲ್ಲಿ ನಗುವೂ ಅಳುವೂ ಒಟ್ಟಿಗೇ ಬಂದು ಮಾತು ನಿಂತುಹೋಯಿತು.

ಸಿಂಧು ಈಗ ಕುಮಟಾದಲ್ಲಿ ಕೆಲಸದಲ್ಲಿದ್ದಾಳೆ. ಹೊಸದಾಗಿ ಕಲಿಯಲು ಬಂದವರನ್ನು ನನ್ನ ಹತ್ತಿರ ಕಳಿಸುತ್ತಾಳೆ. ನಾನು ಅವರಿಗೆ ಊರವರ ಮನೆಯ ಕಥೆ ಹೇಳುವುದಿಲ್ಲ, ಸುಜಾತಳ ಒಪ್ಪಿಗೆ ಪಡೆದು ನನ್ನ ಮನೆಯದ್ದೇ ಹೇಳುತ್ತೇನೆ. ದುಃಖದ ಮನೆಯಲ್ಲಿ ಅಳುವವರಿಗೆ ಜಾಗ ಇರುತ್ತದೆ. ಸಕ್ಕರೆ ಹಂಚುವ ಮನೆಯಲ್ಲಿ ಇರುವುದಿಲ್ಲ. ಅಂಥ ಮನೆಗೆ ಹೋದಾಗ ಮೊದಲು ಮಾತಾಡಿಸಬೇಕಾದದ್ದು ನನ್ನಂಥ ಅಜ್ಜಿಯನ್ನಲ್ಲ.