ಪರದೇಶದಲ್ಲಿ ರಾಧಾಮಣಿಯ ಒಲೆ

ಬೈರಾಪಟ್ಟಣದ ರಾಧಾಮಣಿ ಬೊಂಬೆ ಕೆಲಸಕ್ಕೆ ಸೇರಿದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ. ಗಂಡ ದೇವರಾಜು ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಸುಮ್ಮನೆ ಮನೆಯಲ್ಲಿ ಕೂರುವುದು ಅವಳಿಂದ ಆಗಲಿಲ್ಲ. ಚನ್ನಪಟ್ಟಣದಲ್ಲಿ ಹೆಂಗಸರಿಗೂ ಲೇತ್ ಕಲಿಸುತ್ತಾರೆಂದು ಕೇಳಿ ಒಂದು ದಿನ ಬಸ್ಸು ಹತ್ತಿದಳು.

ಕಲಿಸಿದವರು ಮುಕ್ತಿಯಾರ್. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವುದು, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಕನ್ನಡಿಯಂಥ ಹೊಳಪು ತರುವುದು ಅವರಿಗೆ ತಂದೆಯ ಕಾಲದಿಂದ ಬಂದ ವಿದ್ಯೆ. ಮಾತು ಕಡಿಮೆ. ಉಳಿ ತಪ್ಪಾಗಿ ಹಿಡಿದರೆ ಬೈಯುತ್ತಿರಲಿಲ್ಲ, ಕೈಯ ಮೇಲೆ ಅಡಿಪಟ್ಟಿಯಿಂದ ಮೆಲ್ಲಗೆ ಒಂದು ಏಟು. ಹದಿನಾಲ್ಕು ವರ್ಷದಲ್ಲಿ ರಾಧಾಮಣಿ ಅಂಥ ಏಟುಗಳನ್ನು ಸಾಕಷ್ಟು ತಿಂದಿದ್ದಳು, ಕೆಲಸವನ್ನೂ ಕಲಿತಿದ್ದಳು. ಅವಳಿಗೆ ಅವರು ಅಣ್ಣ, ಅವರಿಗೆ ಅವಳು ರಾಧಮ್ಮ.

ಬೆಂಗಳೂರಿನ ಕರಕುಶಲ ಸಂಸ್ಥೆಯೊಂದು ಇವರಿಬ್ಬರನ್ನೂ ಐದು ತಿಂಗಳ ಪ್ರವಾಸಕ್ಕೆ ಆರಿಸಿತು. ಜರ್ಮನಿಯಲ್ಲಿ ಎರಡೂವರೆ ತಿಂಗಳು, ಆಮೇಲೆ ಪೋಲೆಂಡ್. ಊರೂರಿನ ಮ್ಯೂಸಿಯಮ್ಮುಗಳಲ್ಲಿ, ಶಾಲೆಗಳಲ್ಲಿ ಮಕ್ಕಳ ಮುಂದೆ ಬೊಂಬೆ ತಿರುಗಿಸಿ ತೋರಿಸಬೇಕು. ಜೊತೆಗೆ ಬರುವವನು ಸಂಸ್ಥೆಯ ಯೋಗಾನಂದ. ಉಳಿಯಲು ದೇಶಕ್ಕೊಂದು ಅಡುಗೆಮನೆ ಇರುವ ಮನೆ ಕೊಡುತ್ತಾರೆ, ಅಲ್ಲಿಂದಲೇ ಊರೂರಿಗೆ ಹೋಗಿಬರುವುದು; ಊಟಕ್ಕೆ ದಿನಭತ್ಯೆ. ಆ ದಿನಭತ್ಯೆಯಲ್ಲಿ ಅಲ್ಲಿನ ಹೋಟೆಲಿನಲ್ಲಿ ಉಂಡರೆ ಒಂದು ಊಟಕ್ಕೆ ಎರಡು ದಿನದ್ದು ಹೋಗುತ್ತದೆ ಎಂದು ಯೋಗಾನಂದ ಮೊದಲೇ ಹೇಳಿದ್ದ.

ಸಾಮಾನಿನ ತೂಕದಲ್ಲಿ ಅರ್ಧವನ್ನು ಉಳಿ, ಅರಗು, ಮರದ ತುಂಡುಗಳೇ ತಿಂದವು. ಉಳಿದ ಜಾಗದಲ್ಲಿ ರಾಧಾಮಣಿ ಮೂರು ಕಿಲೋ ರಾಗಿಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು ತುಂಬಿಕೊಂಡಳು. ಮುಕ್ತಿಯಾರರ ಹೆಂಡತಿ ಮುನ್ನೀ ಗಂಡನ ಚೀಲಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ರಕ್ತ ನೋಡುವ ಸಣ್ಣ ಮೀಟರನ್ನೂ ಹಾಕಿದಳು.

ಏಪ್ರಿಲ್‌ನಲ್ಲಿ ಹೋಗಿ ಇಳಿದಾಗ ಇನ್ನೂ ಚಳಿ. ಮೊದಲ ವಾರಗಳಲ್ಲಿ ಅಡುಗೆಮನೆಗೆ ರಾಧಾಮಣಿ, ಮುಕ್ತಿಯಾರ್ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದರು. ತನ್ನ ಕೈಯಡುಗೆ ಅವರಿಗೆ ಒಗ್ಗುತ್ತದೋ ಇಲ್ಲವೋ, ಕರೆದರೆ ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳುತ್ತಾರೆ ಎಂದು ರಾಧಾಮಣಿ ಕರೆಯಲಿಲ್ಲ. ಅವರೂ ಬರಲಿಲ್ಲ. ಬ್ರೆಡ್ಡಿಗೆ ಜಾಮ್ ಸವರಿ, ಟೀ ಕುಡಿದು ಕೋಣೆ ಸೇರುತ್ತಿದ್ದರು. ಕೇಳಿದರೆ ಊಟ ಆಯಿತು ಎನ್ನುತ್ತಿದ್ದರು. ಅವಳ ರಾಗಿಹಿಟ್ಟು ಮೂರನೆಯ ವಾರಕ್ಕೆ ಮುಗಿಯಿತು. ಆಮೇಲೆ ಅವಳದೂ ಬ್ರೆಡ್ಡು, ಬೇಯಿಸಿದ ಆಲೂಗೆಡ್ಡೆ. ಹೊಟ್ಟೆ ಬಿಗಿದುಕೊಂಡು ಮೂರು ಮೂರು ದಿನ ಕಕ್ಕಸಿಗೆ ಹೋಗಲಾರದೆ ಒದ್ದಾಡಿದಳು. ಆ ವಿಷಯ ಯಾರಿಗೆ ಹೇಳುವುದು?

ಮೇ ತಿಂಗಳ ಮೊದಲಲ್ಲಿ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಲ್ಲಿ, ಮೂವತ್ತು ಮಕ್ಕಳು ನೆಲದ ಮೇಲೆ ಕೂತು ನೋಡುತ್ತಿರುವಾಗ, ಮುಕ್ತಿಯಾರರ ಕೈಯಿಂದ ಉಳಿ ಜಾರಿತು. ರಾಧಾಮಣಿ ತಿರುಗಿ ನೋಡಿದರೆ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿದೆ, ತುಟಿ ನಡುಗುತ್ತಿದೆ. ಅವಳು ಮೊದಲು ಲೇತಿನ ಸ್ವಿಚ್ಚು ಆರಿಸಿದಳು. ಸಕ್ಕರೆ ಇಳಿದಾಗ ಅವಳ ಅತ್ತೆಗೂ ಹೀಗೆ ಆಗುತ್ತಿತ್ತು. ಮುಂದಿನ ಸಾಲಿನ ಮಗುವೊಂದರ ಕೈಯಲ್ಲಿದ್ದ ಜ್ಯೂಸಿನ ಡಬ್ಬಿಯನ್ನು ಕೇಳದೆಯೇ ತೆಗೆದುಕೊಂಡು ಅವರ ಬಾಯಿಗೆ ಹಿಡಿದಳು. ಮಗು ಅಳತೊಡಗಿತು. ಹತ್ತು ನಿಮಿಷದಲ್ಲಿ ಮುಕ್ತಿಯಾರ್ ಚೇತರಿಸಿಕೊಂಡರು.

ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಯೋಗಾನಂದ ಕನ್ನಡದಲ್ಲಿ ಹೇಳಿದ. ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಏನೂ ತಿಂದಿಲ್ಲ, ಅದಕ್ಕೇ ಸಕ್ಕರೆ ಇಳಿದಿದೆ. ರಾತ್ರಿ ಜಾಮು ಬ್ರೆಡ್ಡು ತಿಂದಾಗ ಏರುತ್ತದೆ, ಹಗಲು ಉಪವಾಸಕ್ಕೆ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ಬೇಳೆ, ಕಾಳು, ತರಕಾರಿ ಇರುವ ಊಟ ಮಾಡಬೇಕು, ಇಲ್ಲವೇ ಊರಿಗೆ ಹೋಗಬೇಕು. ಯೋಗಾನಂದ ಹೆದರಿದ್ದ. ವಾಪಸ್ ಟಿಕೆಟ್ ನೋಡುತ್ತೇನೆ ಎಂದ. ಮುಕ್ತಿಯಾರ್ ತಲೆ ತಗ್ಗಿಸಿ ಆಗಲಿ ಎಂದರು.

ಮನೆಗೆ ಬಂದು ಅವರು ಮಂಚದ ಮೇಲೆ ಕೂತ ಮೇಲೆ ರಾಧಾಮಣಿ ಬಾಗಿಲಲ್ಲಿ ನಿಂತಳು.

"ಅಣ್ಣಾ, ನೀವು ಉಣ್ಣದೆ ಇದ್ದಿದ್ದು ಯಾಕೆ ಅಂತ ನಂಗೆ ಹೇಳ್ಬೇಕು. ನನ್ನ ಕೈಯಡ್ಗೆ ಆಗಾಕಿಲ್ವಾ ನಿಮ್ಗೆ?"

"ಅದಲ್ಲ ರಾಧಮ್ಮ. ನೀನು ತಂದಿದ್ದೇ ಒಸಿ ಹಿಟ್ಟು. ಅದ್ಕೆ ನಾನೂ ಪಾಲಿಗೆ ಬರ್ಲಾ?"

"ಹಿಟ್ಟು ಮುಗ್ದು ಎಷ್ಟು ದಿನ ಆಯ್ತು. ಆಮೇಲೆ?"

ಮುಕ್ತಿಯಾರ್ ನೆಲ ನೋಡುತ್ತ ಹೇಳಿದರು. ಬಂದ ಎರಡನೆಯ ವಾರ ಅಂಗಡಿಯಿಂದ ಒಂದು ತಗಡಿನ ಡಬ್ಬಿ ತಂದಿದ್ದರಂತೆ. ಮೇಲೆ ಬಟಾಣಿಯ ಚಿತ್ರ. ಬಿಸಿ ಮಾಡಿ ನಾಲ್ಕು ಚಮಚ ತಿಂದ ಮೇಲೆ ಅದರಲ್ಲಿ ಮಾಂಸದ ಚೂರು ಕಂಡಿತು. ಖಾಲಿ ಡಬ್ಬಿಯನ್ನು ಯೋಗಾನಂದನಿಗೆ ತೋರಿಸಿ, ಬೇರೆ ಯಾರಿಗೋ ಎನ್ನುವ ಹಾಗೆ ಕೇಳಿದರು. ಅವನು ಓದಿ, ಹಂದಿಯದು ಎಂದ. ಅಂದಿನಿಂದ ಇಲ್ಲಿನ ಯಾವ ಪೊಟ್ಟಣದ ಮೇಲೂ ಅವರಿಗೆ ನಂಬಿಕೆಯಿಲ್ಲ. ಬರೆದದ್ದು ಓದಲು ಬರುವುದಿಲ್ಲ, ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಲು ನಾಚಿಕೆ. ಬ್ರೆಡ್ಡು, ಜಾಮು, ಬಾಳೆಹಣ್ಣು ಇಷ್ಟರಲ್ಲಿ ಮೋಸವಿರಲಾರದು ಎಂದುಕೊಂಡಿದ್ದರು.

"ಮುನ್ನೀಗೆ ಹೇಳ್ಬ್ಯಾಡ," ಎಂದರು ಕೊನೆಗೆ.

ರಾಧಾಮಣಿಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಹಸಿದುಕೊಂಡಿದ್ದರಲ್ಲ.

"ನಾಳೆಯಿಂದ ಒಂದೇ ಒಲೆ," ಎಂದಳು. "ಲೇತಿನ ಮುಂದೆ ನೀವು ಹೇಳ್ದಂಗೆ ನಾನು ಕೇಳೀವ್ನಿ. ಅಡ್ಗೆಮನೇಲಿ ನಾನು ಹೇಳ್ದಂಗೆ ನೀವು ಕೇಳ್ಬೇಕು."

ಯೋಗಾನಂದನ ಹತ್ತಿರ ಅವಳು ಒಂದು ತಿಂಗಳ ಗಡುವು ಕೇಳಿದಳು. ಮೀಟರಿನಲ್ಲಿ ಸರಿಹೋಗದಿದ್ದರೆ ತಾನೇ ಅವರ ಸಾಮಾನು ಕಟ್ಟಿಕೊಡುವುದಾಗಿ ಹೇಳಿದಳು. ಅವನು ಅನುಮಾನದಿಂದಲೇ ಒಪ್ಪಿದ.

ಮರುದಿನ ಶನಿವಾರದ ಸಂತೆ. ಚೌಕದಲ್ಲಿ ರೈತರು ತರಕಾರಿ ಹಾಕಿಕೊಂಡು ಕೂತಿದ್ದರು. ನವಿಲುಕೋಸು ಎಳೆಯದಾಗಿ, ಸೊಪ್ಪಿನ ಸಮೇತ ಇತ್ತು. ಕೊಳ್ಳುವವರು ಗೆಡ್ಡೆ ಆರಿಸಿ, ಸೊಪ್ಪನ್ನು ಮುರಿದು ಪಕ್ಕದ ಬುಟ್ಟಿಗೆ ಎಸೆದು ಹೋಗುತ್ತಿದ್ದರು. ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪು ಎಲ್ಲದಕ್ಕೂ ಅದೇ ಗತಿ. ಹೊಲದ ಬದುವಿನಲ್ಲಿ ಹತ್ತು ಬಗೆ ಸೊಪ್ಪು ಕಿತ್ತು ಬೆಳೆದ ರಾಧಾಮಣಿಗೆ ಕಣ್ಣನ್ನು ನಂಬಲಾಗಲಿಲ್ಲ. ಬುಟ್ಟಿ ತೋರಿಸಿ, ತನ್ನ ಚೀಲ ತೋರಿಸಿದಳು. ದಪ್ಪ ಮೀಸೆಯ ವ್ಯಾಪಾರಿ ಏನೋ ಕೇಳಿ, ಎರಡು ಕೈಯನ್ನೂ ತಲೆಯ ಮೇಲೆ ಕಿವಿಯ ಹಾಗೆ ಹಿಡಿದ. ಅರ್ಥವಾಗದೆ ಅವಳು ಹೂಂಗುಟ್ಟಿದಳು. ಅವನು ನಗುತ್ತ ಚೀಲ ತುಂಬಿಕೊಟ್ಟ. ಕಾಸು ಮುಟ್ಟಲಿಲ್ಲ.

ಬೇಳೆ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಹಿಂದಿನ ತುರ್ಕಿಯವರ ಅಂಗಡಿಯಲ್ಲಿ. ಅದನ್ನು ಕಂಡುಹಿಡಿದವರು ಮುಕ್ತಿಯಾರರೇ. ಇಬ್ಬರೂ ಬೀದಿಯಲ್ಲಿ ನಡೆಯುತ್ತಿರುವಾಗ ಅವರು ತಟ್ಟನೆ ನಿಂತು ಗಾಜಿನ ಮೇಲಿನ ಅರಬ್ಬಿ ಅಕ್ಷರ ಓದಿದರು: ಹಲಾಲ್. ಅವರೇ ಮುಂದಾಗಿ ಬಾಗಿಲು ತಳ್ಳಿದರು. ಕೆಂಪು ಮಸೂರು ಬೇಳೆ, ಕಡಲೆಕಾಳು, ಗೋಧಿನುಚ್ಚು ದೊಡ್ಡ ದೊಡ್ಡ ಚೀಲಗಳಲ್ಲಿ ಅಗ್ಗವಾಗಿದ್ದವು. ಕೋಳಿಯೂ ಇತ್ತು. ವಾರಕ್ಕೊಂದು ಸಲ ಕೋಳಿ, ದಿನಕ್ಕೊಂದು ಮೊಟ್ಟೆ ಎಂದು ಗೊತ್ತುಮಾಡಿಕೊಂಡರು. ಅಲ್ಲಿಯ ಅಂಗಡಿಗಳಲ್ಲಿ ಸಿಗುವ ಮಜ್ಜಿಗೆ ಊರಿನದಕ್ಕಿಂತ ಗಟ್ಟಿ, ಆದರೆ ಹುಳಿ ಸರಿಯಾಗಿತ್ತು. ನೀರು ಬೆರೆಸಿ ಉಪ್ಪು ಹಾಕಿದರೆ ಮಧ್ಯಾಹ್ನದ ಊಟಕ್ಕೆ ಸಾಕು.

ಸೊಪ್ಪು, ಮಸೂರು ಬೇಳೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಮಸ್ಸೊಪ್ಪು ಮಾಡಿದ ದಿನ ಮುಕ್ತಿಯಾರ್ ಎರಡು ಸಲ ಬಡಿಸಿಕೊಂಡರು. ರಾತ್ರಿಯದನ್ನೇ ಬೆಳಿಗ್ಗೆ ಡಬ್ಬಿಗೆ ತುಂಬಿ ಮ್ಯೂಸಿಯಮ್ಮಿಗೆ ಒಯ್ಯತೊಡಗಿದರು. ಹನ್ನೆರಡೂವರೆಗೆ ಲೇತ್ ನಿಲ್ಲುತ್ತಿತ್ತು. ಮಕ್ಕಳಿದ್ದರೂ ಸರಿಯೇ, ಮೇಯರ್ ಬಂದು ನಿಂತಿದ್ದರೂ ಸರಿಯೇ, ಮೊದಲು ಊಟ.

ಒಂದು ಸಂಜೆ ಮುನ್ನೀ ಫೋನು ಮಾಡಿದಳು, ಗಂಡನಿಗಲ್ಲ, ರಾಧಾಮಣಿಗೆ.

"ಅವ್ರು ಎಲ್ಲಾ ಚೆಂದಾಗೈತೆ ಅಂತವ್ರೆ ರಾಧಕ್ಕ. ಮುಖ ನೋಡುದ್ರೆ ಸೊರಗೋಗವ್ರೆ. ನೀವು ನಿಜ ಹೇಳಿ."

ಅವರಿಗೆ ಸಕ್ಕರೆ ಇಳಿದು ಉಳಿ ಜಾರಿದ್ದನ್ನು ರಾಧಾಮಣಿ ಹೇಳಿದಳು, ಆಸ್ಪತ್ರೆಯದ್ದನ್ನೂ ಹೇಳಿದಳು. ಡಬ್ಬಿಯ ಮಾತು ಅವರದು, ಅವರೇ ಹೇಳಲಿ ಎಂದು ಬಿಟ್ಟಳು. ಮುನ್ನೀ ಅತ್ತು, ಮೂಗು ಒರೆಸಿಕೊಂಡು, ದಿನಾ ಮೀಟರಿನ ಫೋಟೋ ಕಳಿಸಬೇಕೆಂದು ಕಟ್ಟಪ್ಪಣೆ ಮಾಡಿದಳು. ತಿಂಗಳ ಕೊನೆಗೆ ಆ ಫೋಟೋಗಳನ್ನೇ ನೋಡಿ ಯೋಗಾನಂದ ಟಿಕೆಟ್ಟಿನ ಮಾತು ಕೈಬಿಟ್ಟ. ತಾನೂ ಒಂದು ತಟ್ಟೆ ಹಿಡಿದು ಬಂದ. ರಾಧಾಮಣಿಯ ಹೊಟ್ಟೆಯ ಬಾಧೆಯೂ ಸದ್ದಿಲ್ಲದೆ ಹೋಗಿತ್ತು.

ಯೋಗಾನಂದ ಒಂದು ಶನಿವಾರ ಸಂತೆಗೆ ಜೊತೆಯಲ್ಲಿ ಬಂದಾಗಲೇ ಮೀಸೆಯವನ ಸನ್ನೆಯ ಅರ್ಥ ತಿಳಿದದ್ದು. ಅವನು ಇಷ್ಟು ದಿನವೂ ಕೇಳುತ್ತಿದ್ದುದು, ಮನೆಯಲ್ಲಿ ಮೊಲ ಎಷ್ಟಿವೆ ಎಂದು. ರಾಧಾಮಣಿಯ ಮುಖ ಕೆಂಪಾಯಿತು. ಮುಂದಿನ ವಾರ ಒಂದು ಸ್ಟೀಲು ಡಬ್ಬಿಯಲ್ಲಿ ಸೊಪ್ಪಿನ ಪಲ್ಯ ಒಯ್ದು, ಅವನ ಮುಂದಿಟ್ಟು, ಸೊಪ್ಪನ್ನೂ ತನ್ನ ಬಾಯನ್ನೂ ತೋರಿಸಿದಳು. ಅವನು ಮೂಸಿ ನೋಡಿದ, ನಿಂತಲ್ಲೇ ಪೂರಾ ತಿಂದು ಮುಗಿಸಿದ. ಅದರ ಮುಂದಿನ ವಾರದಿಂದ ಚೀಲಕ್ಕೆ ಒಂದು ನಾಣ್ಯ ಕೇಳತೊಡಗಿದ. ಯೋಗಾನಂದ ಜಗಳಕ್ಕೆ ಹೋದ. ರಾಧಾಮಣಿಗೆ ಅದು ನ್ಯಾಯವೆನ್ನಿಸಿತು. ಮನುಷ್ಯರು ತಿನ್ನುವ ಪದಾರ್ಥಕ್ಕೆ ಬೆಲೆ ಇರಬೇಕಲ್ಲ. ಕೊಟ್ಟಳು.

ಪೋಲೆಂಡಿಗೆ ಹೋದ ಮೇಲೆ ಎಲ್ಲ ಮತ್ತೂ ಸಲೀಸಾಯಿತು. ಅಲ್ಲಿ ಹಳದಿ ಸಣ್ಣಕಾಳೊಂದನ್ನು ಕಂಡು ಅವಳು ಅಂಗೈಗೆ ಸುರಿದುಕೊಂಡು ನೋಡಿದರೆ ಬರಗು. ಅಜ್ಜಿಯ ಕಾಲದಲ್ಲಿ ಊರಿನ ಹೊಲದಲ್ಲಿದ್ದದ್ದು. ಅಲ್ಲಿನವರ ದಿನದ ಊಟದಲ್ಲೇ ಅದು ಇತ್ತು. ಬರಗಿನ ಅನ್ನ, ಎಲೆಕೋಸಿನ ಪಲ್ಯ, ಬೇಳೆಸಾರು. ಮುದ್ದೆಗಾಗಿ ಅವಳು ನಾಲ್ಕು ಬಗೆಯ ಹಿಟ್ಟು ತಂದು ತಿರುವಿ ನೋಡಿದಳು. ಒಂದು ಗೋಂದಾಯಿತು, ಎರಡು ಗಂಟಾದವು. ನಾಲ್ಕನೆಯದನ್ನು ಮುಕ್ತಿಯಾರ್ ಕಷ್ಟಪಟ್ಟು ನುಂಗಿ, ಮುದ್ದೆ ಊರಿಗೆ ಹೋಗೇ ತಿನ್ನೋಣ ಎಂದರು. ಆ ಪ್ರಯತ್ನ ಅಲ್ಲಿಗೇ ನಿಂತಿತು.

ಸೆಪ್ಟೆಂಬರಿನಲ್ಲಿ ಊರಿಗೆ ಬಂದರು. ಮುನ್ನೀ ಇಬ್ಬರ ಮನೆಯವರನ್ನೂ ಊಟಕ್ಕೆ ಕೂರಿಸಿದ ದಿನ, ಬಡಿಸುವುದು ಮುಗಿದ ಮೇಲೆ, ಮುಕ್ತಿಯಾರ್ ಯಾರೂ ಕೇಳದೆಯೇ ಆ ಬಟಾಣಿ ಡಬ್ಬಿಯ ಕಥೆ ಹೇಳಿದರು. ದೇವರಾಜು ಕೈಯ ತುತ್ತನ್ನು ಹಾಗೇ ಹಿಡಿದುಕೊಂಡ. ಮುನ್ನೀ ಗಂಡನ ಕಡೆ ತಿರುಗಿದಳು.

"ಗೊತ್ತಿಲ್ದೆ ತಿಂದಿದ್ದು ತಪ್ಪಾಗಾಕಿಲ್ಲ. ಗೊತ್ತಿದ್ದೂ ಉಪವಾಸ ಬಿದ್ದು ಸಾಯಾಕೆ ಹೋಗಿದ್ರಲ್ಲ, ಅದು ತಪ್ಪು," ಎಂದಳು. ಆಮೇಲೆ ಅವರ ತಟ್ಟೆಯಿಂದ ಅರ್ಧ ಅನ್ನ ತೆಗೆದು, ಆ ಜಾಗಕ್ಕೆ ಪಲ್ಯ ಬಡಿಸಿದಳು.

ಈಗ ಆ ಸಂಸ್ಥೆ ಯಾರನ್ನಾದರೂ ಹೊರದೇಶಕ್ಕೆ ಕಳಿಸುವ ಮೊದಲು ರಾಧಾಮಣಿಯನ್ನು ಕರೆಸುತ್ತದೆ. ಅವಳು ಭಾಷಣ ಮಾಡುವುದಿಲ್ಲ. ಹೋಗುವವರು ಯಾರು, ಯಾರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ, ಯಾರಿಗೆ ಏನು ಕಾಯಿಲೆ ಎಂದು ಎಲ್ಲರ ಎದುರಿಗೇ ಬಾಯಿಬಿಡಿಸುತ್ತಾಳೆ. ಕೆಲವರಿಗೆ ಮುಜುಗರವಾಗುತ್ತದೆ. ಆದರೂ ಬಿಡುವುದಿಲ್ಲ. ಹೋದ ತಿಂಗಳು ಮಾಗಡಿ ಕಡೆಯ ಕಲ್ಯದಿಂದ ಬಂದ ಇಬ್ಬರು ಹೆಂಗಸರು ಆರು ತಿಂಗಳಿಗೆ ಹೊರಟು ನಿಂತಿದ್ದರು. ಒಬ್ಬಳು ಉಪ್ಪಿನಕಾಯಿ ಎಷ್ಟು ಒಯ್ಯಲಿ ಎಂದು ಕೇಳಿದಳು. ಉಪ್ಪಿನಕಾಯಿ ಹೆಂಗಾದ್ರೂ ಇರ್ಲಿ, ಬೇಳೆ ಬೇಯ್ಸಾಕೆ ಒಂದು ಸಣ್ಣ ಕುಕ್ಕರ್ ಮಡಿಕ್ಕೊ ಎಂದು ರಾಧಾಮಣಿ ಹೇಳಿ, ಅದರ ಗ್ಯಾಸ್ಕೆಟ್ ಎರಡು ಇರಲಿ ಎಂದೂ ಸೇರಿಸಿದಳು.