ಸರ್ವೇಯರ್ ಸೋಮಶೇಖರರ ಎಡಗಾಲು

ಸರ್ವೇಯರ್ ಸೋಮಶೇಖರರಿಗೆ ಮೋಸ ಮಾಡುವುದು ಸುಲಭವಲ್ಲ. ಹಾಗೆಂದು ಹೇಳುತ್ತಿದ್ದವರು ಅವರೊಬ್ಬರೇ ಆದರೂ ಮಾತಿನಲ್ಲಿ ಸತ್ಯವಿತ್ತು. ಸರ್ವೆ ಇಲಾಖೆಯ ಸರಪಳಿ ಹಿಡಿದು ಮೈಸೂರು ಜಿಲ್ಲೆಯ ಹೊಲಗದ್ದೆಗಳನ್ನೆಲ್ಲ ತುಳಿದು ಬಂದವರು ಅವರು. ವರ್ಷಕ್ಕೊಂದು ಗೇಣು ಬದುವನ್ನು ಪಕ್ಕದವನ ಕಡೆಗೆ ನೂಕುವವರನ್ನು ಕಂಡಿದ್ದರು. ಎಲ್ಲೆಯ ಕಲ್ಲನ್ನು ಎತ್ತು ಗುದ್ದಿ ಕೆಡವಿತು ಎಂದು ಎತ್ತಿನ ಮೇಲೆಯೇ ಆಣೆ ಇಟ್ಟವರನ್ನು ಕಂಡಿದ್ದರು. ಅಣ್ಣನ ಜಮೀನಿನೊಳಗೆ ತೆಂಗಿನ ಸಸಿ ನೆಟ್ಟು, ಇದು ನಮ್ಮಜ್ಜ ನೆಟ್ಟಿದ್ದು ಎಂದು ವಾದಿಸಿದ ಪುಣ್ಯಾತ್ಮನನ್ನೂ ಕಂಡಿದ್ದರು. ಇಷ್ಟೆಲ್ಲ ಕಂಡ ಮೇಲೆ, ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಊರವರ ನೆಲವನ್ನೆಲ್ಲ ಅಳೆದ ಈ ಮನುಷ್ಯನಿಗೆ ತನ್ನದೆನ್ನುವ ಒಂದು ಮೊಳ ನೆಲವಿರಲಿಲ್ಲ. ವರ್ಗಾವಣೆಯ ಕೆಲಸ, ಬಾಡಿಗೆ ಮನೆ, ಮನೆ ಮಾಲೀಕರ ಮುಖ. ನಿವೃತ್ತಿಯ ನಂತರ ಮೈಸೂರಿನಲ್ಲಿ ಮನೆ ಮಾಡುವ ಆಸೆ ಕೈಗೂಡದೆ, ಟಿ. ನರಸೀಪುರದಲ್ಲಿ, ಹೆಮ್ಮಿಗೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಮೇಷ್ಟ್ರೊಬ್ಬರು ಕಟ್ಟಿಸಿದ್ದ ಪುಟ್ಟ ಮನೆಯನ್ನು ಕೊಂಡರು. ಮುಂದೆ ಜಗಲಿ, ಹಿಂದೆ ನಾಲ್ಕು ಬಾಳೆ ಹಿಡಿಯುವಷ್ಟು ಹಿತ್ತಲು. ಹಿತ್ತಲಿಗೆ ಇನ್ನೂ ಕಾಂಪೌಂಡ್ ಇರಲಿಲ್ಲ. ಅದೊಂದೇ ಅವರ ನಿದ್ದೆ ಕೆಡಿಸಿತ್ತು.

ಹಾಲು ಉಕ್ಕಿಸಿದ ಮಾರನೆಯ ದಿನ, ಕುಕ್ಕರಿನ ಗ್ಯಾಸ್ಕೆಟ್ ಯಾವ ಪೆಟ್ಟಿಗೆಯಲ್ಲಿದೆ ಎಂದು ಹೆಂಡತಿ ಗೌರಮ್ಮಣ್ಣಿ ಹುಡುಕುತ್ತಿದ್ದಾಗಲೇ, ಹಿಂದಿನ ಮನೆಯ ರಾಮಮ್ಮ ಒಂದು ಕಟ್ಟು ದಂಟಿನ ಸೊಪ್ಪು ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಅರವತ್ತು ದಾಟಿದ ಒಣಕಲು ಹೆಂಗಸು. ತಮ್ಮ ತುಂಡು ನೆಲದಲ್ಲಿ ಸೊಪ್ಪು ಬೆಳೆದು ಬಸ್ ಸ್ಟ್ಯಾಂಡಿನ ಹತ್ತಿರ ಕೂತು ಮಾರುವವರು.

“ತಕ್ಕಳವ್ವ, ಬಸ್ಸಾರು ಮಾಡು,” ಎಂದು ಗೌರಮ್ಮಣ್ಣಿಯ ಕೈಗೆ ಸೊಪ್ಪು ಕೊಟ್ಟರು. ಕಣ್ಣು ಮಾತ್ರ ಸೋಮಶೇಖರರ ಮೇಲಿತ್ತು. “ಸಾ, ನಿಮ್ದು ಯಾವೂರು?”

“ಮೈಸೂರು.”

“ಅದ್ಸರಿ. ಉಟ್ಟಿದ್ದು?”

“ಕಳಲೆ.”

“ಮುಂಚೆ ಯಾವಾಗ್ಲಾರ ಈ ಕಡೀಕೆ ಬಂದಿದ್ರಾ?”

ಬಂದಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಾಲ್ಲೂಕಿನಲ್ಲಿ ಸ್ವಲ್ಪ ಕಾಲ ಇದ್ದರು. ಆದರೆ ಸರ್ವೇಯರ್ ಎಂದು ಗೊತ್ತಾದರೆ ಊರಿನ ಜಗಳವೆಲ್ಲ ಜಗಲಿಗೆ ಬಂದು ಕೂರುತ್ತದೆ. ಅಲ್ಲದೆ ಈ ಹೆಂಗಸಿಗೆ ಇದೆಲ್ಲ ಯಾಕೆ ಬೇಕು? “ಇಲ್ಲ,” ಎಂದುಬಿಟ್ಟರು.

“ಅಂಗಾ,” ಎಂದರು ರಾಮಮ್ಮ. ಹೋಗುವಾಗ ಎರಡು ಸಲ ತಿರುಗಿ ನೋಡಿದರು.

“ಯಾಕ್ರೀ ಸುಳ್ಳು ಹೇಳಿದ್ರಿ?” ಎಂದು ಗೌರಮ್ಮಣ್ಣಿ ಕೇಳಿದರು.

“ನಿನಗೆ ಗೊತ್ತಾಗಲ್ಲ. ಒಂದು ಕಟ್ಟು ಸೊಪ್ಪು ಕೊಟ್ಟು ಹುಟ್ಟಿದ ಊರು ವಿಚಾರಿಸ್ತಾರೆ ಅಂದ್ರೆ ಅದರಲ್ಲಿ ಏನೋ ಇದೆ.”

“ಅದರಲ್ಲಿ ಇರೋದು ಸೊಪ್ಪು. ಸೋಸಿ ಕೊಡಿ.”

ಏನಿದೆ ಎನ್ನುವುದು ಮರುದಿನ ಬೆಳಿಗ್ಗೆಯೇ ತಿಳಿಯಿತು, ಅಥವಾ ತಿಳಿಯಿತೆಂದು ಅವರು ಅಂದುಕೊಂಡರು. ಹಿತ್ತಲಿನ ಮೂಲೆಯಲ್ಲಿ, ರಾಮಮ್ಮನ ನೆಲವೂ ಪಕ್ಕದ ಮನೆಯ ಬೇಲಿಯೂ ಸೇರುವ ಕಡೆ, ಒಂದು ಕಲ್ಲಿತ್ತು. ಅರಿಶಿನ, ಕುಂಕುಮ, ಎಣ್ಣೆ ಪದರ ಪದರವಾಗಿ ಕೂತು ದುಂಡಗಾಗಿ, ತೆಂಗಿನಕಾಯಿಯಷ್ಟು ಮಾತ್ರ ಮಣ್ಣಿನ ಮೇಲೆ ಕಾಣುತ್ತಿತ್ತು. ರಾಮಮ್ಮ ಚೊಂಬು ಹಿಡಿದು ಬಂದರು, ಯಾರನ್ನೂ ಕೇಳದೆ ಹಿತ್ತಲಿನೊಳಗೆ ಕಾಲಿಟ್ಟರು, ಕಲ್ಲಿಗೆ ನೀರು ಹಾಕಿದರು, ಕುಂಕುಮ ಇಟ್ಟರು, ಒಂದು ದಾಸವಾಳ ಏರಿಸಿ ಕೈಮುಗಿದು ಹೋದರು. ಅಡುಗೆಮನೆಯ ಕಿಟಕಿಯಲ್ಲಿ ಸೋಮಶೇಖರರ ಕಾಫಿ ಆರಿಹೋಯಿತು.

ಈ ಆಟ ಅವರಿಗೆ ಗೊತ್ತಿತ್ತು. ಮೊದಲು ಕಲ್ಲಿಗೆ ಕುಂಕುಮ. ಆಮೇಲೆ ಕಲ್ಲಿಗೊಂದು ಹೆಸರು. ಹೆಸರಾದ ಮೇಲೆ ನೆರಳಿಗೆ ನಾಲ್ಕು ತಗಡು. ತಗಡು ಬಂದರೆ ಗಂಟೆ, ಗಂಟೆಯ ಹಿಂದೆ ಮೈಕು. ಮೈಕು ಕೂಗಿದ ಮೇಲೆ ಯಾವ ತಹಸೀಲ್ದಾರರು ಬಂದರೂ ಆ ಜಾಗ ವಾಪಸ್ ಬಂದದ್ದನ್ನು ಅವರು ನೋಡಿರಲಿಲ್ಲ. ಬದುಕಿಡೀ ಕಾದು ಪಡೆದ ನೆಲ ಚೊಂಬು ಚೊಂಬು ನೀರಿನಲ್ಲಿ ಕೊಚ್ಚಿಹೋಗುತ್ತಿದೆ ಎನಿಸಿತು.

ಒಂದು ದಿನ ಎದುರಿಗೇ ಕೇಳಿದರು. “ಇದು ಯಾವ ದೇವರಮ್ಮ?”

ರಾಮಮ್ಮ ಬಾಯಿ ತುಂಬ ನಕ್ಕರು. “ನಿಮ್ಗೆ ಗೊತ್ತಿಲ್ವಾ ಸಾ?”

“ನನಗೆ ಹೇಗೆ ಗೊತ್ತಿರುತ್ತೆ?”

ನಗು ಅಲ್ಲೇ ನಿಂತಿತು. “ಓಗ್ಲಿ ಬುಡಿ. ನಮ್ಮನ್ನ ಕಾಯೋ ದ್ಯಾವ್ರು,” ಎಂದು ಚೊಂಬು ತೆಗೆದುಕೊಂಡು ಹೊರಟರು.

ದೇವರಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ಸೋಮಶೇಖರ್ ಲೆಕ್ಕ ಹಾಕಿದರು. ಅಂದರೆ ಎರಡನೆಯ ಹಂತಕ್ಕೆ ಬಂದಿಲ್ಲ. ಏನಾದರೂ ಮಾಡುವುದಿದ್ದರೆ ಈಗಲೇ.

ಊರಿನಲ್ಲಿ ಅವರು ಅನುಮಾನಪಡದ ಒಬ್ಬನೇ ಮನುಷ್ಯನೆಂದರೆ ಪಕ್ಕದ ಮನೆಯ ಚೆಲುವರಾಜು, ರಾಮಮ್ಮನ ಮೈದುನನ ಮಗ. ಗ್ಯಾಸ್ ಸಿಲಿಂಡರ್ ತರಿಸಿಕೊಟ್ಟವನು ಅವನು, ಪ್ಲಂಬರ್ ಕರೆತಂದವನು ಅವನು, ನಲ್ಲಿ ನೀರು ಯಾವಾಗ ಬರುತ್ತದೆಂದು ಬಂದು ಹೇಳುವವನು ಅವನು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೂ ರಾಮಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ತಮ್ಮ ಅನುಮಾನಕ್ಕೆ ತಲೆಯಾಡಿಸುವವನ ಮೇಲೆ ಅನುಮಾನಪಡುವುದನ್ನು ಸೋಮಶೇಖರರಿಗೆ ಇಲಾಖೆ ಕಲಿಸಿರಲಿಲ್ಲ.

“ನಮ್ ದೊಡ್ಡವ್ವ ಕಣ್ಸಾ, ನಾನ್ ಏಳ್‌ಬಾರ್ದು,” ಎಂದು ಜಗಲಿಯ ಮೇಲೆ ಕೂತು ಹೇಳಿದ. “ಆದ್ರೂ ಏಳ್ತೀನಿ. ಆ ಕಲ್ಲ ಮಡೀಕಂಡೇ ಜಾಗ ತಿಂತಾವ್ಳೆ. ಕಾಂಪೋಂಡ್ ಕಟ್ಸೋಕ್ ಮುಂಚೆ ಕಿತ್ತಾಕ್ಬುಡಿ.”

“ನೀನೇ ಕಿತ್ತು ಹಾಕಯ್ಯ. ವಯಸ್ಸಿದೆ, ಶಕ್ತಿ ಇದೆ.”

ಚೆಲುವರಾಜು ಕೂತಲ್ಲೇ ಹಿಂದೆ ಸರಿದ. “ನಾನಾ? ಬ್ಯಾಡಿ ಸಾ. ಅದನ್ನ ಮುಟ್ಟುದ್ರೆ ಕಾಲು ನೆಟ್ಟಗಿರಾಕಿಲ್ಲ ಅಂತ ನಮ್ಮಪ್ಪ ಸಾಯೋಗಂಟ ಏಳ್ತಿದ್ದ. ನೀವು ಓದ್ದೋರು. ನಿಮ್ಗೆ ಅವೆಲ್ಲ ಅಂಟಾಕಿಲ್ಲ.”

ಓದಿದವರು ಎನ್ನಿಸಿಕೊಂಡು ಸೋಮಶೇಖರ್ ಉಬ್ಬಿದರು. ಗೌರಮ್ಮಣ್ಣಿ ಮಾತ್ರ ಒಪ್ಪಲಿಲ್ಲ. “ದೇವರ ಕಲ್ಲು, ಇದ್ದರೆ ಇರ್ಲಿ ಬಿಡ್ರೀ. ನಮಗೇನು ಭಾರ? ಆಯಮ್ಮ ಒಬ್ರೇ ಇಲ್ಲಿ ನನ್ನ ಜೊತೆ ನಾಲ್ಕು ಮಾತಾಡೋರು.”

“ಇಷ್ಟು ವರ್ಷಕ್ಕೆ ಒಂದು ತುಂಡು ನೆಲ ಆಗಿದೆ. ಅದಕ್ಕೂ ಕುಂಕುಮ ಇಟ್ಟುಕೊಂಡು ಹೋಗ್ಲಿ ಅಂತೀಯಾ?”

ಸೋಮವಾರ ರಾಮಮ್ಮ ನಂಜನಗೂಡಿನಲ್ಲಿದ್ದ ಮಗಳನ್ನು ನೋಡಿ, ಹಾಗೆಯೇ ದೇವಸ್ಥಾನಕ್ಕೂ ಹೋಗಿ ಬರುತ್ತೇನೆಂದು ಬಸ್ ಹತ್ತಿದರು. ನಡು ಮಧ್ಯಾಹ್ನ ಸೋಮಶೇಖರ್ ಹಾರೆ ಹಿಡಿದು ಹಿತ್ತಲಿಗೆ ಇಳಿದರು. ಚೆಲುವರಾಜು ತನ್ನ ಬೇಲಿಯ ಆಚೆಯೇ ನಿಂತ.

ಕಲ್ಲು ಮೇಲೆ ಕಂಡಷ್ಟು ಚಿಕ್ಕದಾಗಿರಲಿಲ್ಲ. ಮೀಟಿದಷ್ಟೂ ಉದ್ದ ಬಂತು. ಕೊನೆಗೆ ಕಿತ್ತು ಬಂದು ಅಡ್ಡ ಬಿದ್ದಾಗ ಅದರ ತಲೆಯ ಮೇಲಿನ ಅರಿಶಿನದ ಪದರ ಒಡೆದು ಉದುರಿತು. ಒಳಗೆ ನಾಲ್ಕು ಮೂಲೆಯ, ಉಳಿಯಲ್ಲಿ ಕೆತ್ತಿದ ಕಲ್ಲು. ನೆತ್ತಿಯ ಮೇಲೆ ಒಂದು ಅಡ್ಡ ಗೀಟು, ಒಂದು ಉದ್ದ ಗೀಟು.

ಬಾಂದು ಕಲ್ಲು. ಸರ್ವೆಯವರು ಎಲ್ಲೆಗೆ ನೆಡುವ ಕಲ್ಲು. ಬದುಕಿಡೀ ಇಂಥದ್ದನ್ನೇ ನೆಟ್ಟವರಿಗೆ ಅದರ ಗುರುತು ಹತ್ತಿರಲಿಲ್ಲ.

ಸೋಮಶೇಖರ್ ತಲೆಯೆತ್ತಿ ಸುತ್ತ ನೋಡಿದರು. ಮನೆಗಳನ್ನೆಲ್ಲ ಕಣ್ಣಿನಿಂದ ಅಳಿಸಿದರು. ರಾಮಮ್ಮನ ಸೂರಿನ ಹಿಂದೆ ಬುಡದಲ್ಲೇ ಕವಲೊಡೆದ ಹುಣಸೆಮರ ಅಲ್ಲೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಸರಪಳಿ ಎಳೆದಾಗ ಇಲ್ಲಿ ಮನೆಯೇ ಇರಲಿಲ್ಲ, ನಾಲೆಯ ತನಕ ಒಂದೇ ಹೊಲ. ಕಂಕುಳಲ್ಲಿ ಮಗು ಎತ್ತಿಕೊಂಡ ಚಿಕ್ಕ ವಯಸ್ಸಿನ ವಿಧವೆಯೊಬ್ಬಳು ಸರಪಳಿಯ ಹಿಂದೆಯೇ ನಡೆದಿದ್ದಳು. ಗಂಡನ ಪಾಲು ಅಳೆದು ಕಲ್ಲು ನೆಟ್ಟಾಗ, “ನೀವು ಒಂಟೋದ್ಮೇಲೆ ನಮ್ ಮೈದ್ನ ಕಿತ್ತಾಕ್ತಾನೆ ಸಾ,” ಎಂದು ಅತ್ತಿದ್ದಳು. ಅವಳು ಹೇಳಿದ್ದು ನಿಜವೆಂದು ಗೊತ್ತಿತ್ತು. ದೂರು, ಪಂಚನಾಮೆ, ಕೋರ್ಟು ಎಂದು ಅಲೆಯುವಷ್ಟರಲ್ಲಿ ಅವಳು ಬೀದಿಗೆ ಬಿದ್ದಿರುತ್ತಾಳೆ ಎಂಬುದೂ ಗೊತ್ತಿತ್ತು. ಬಿಸಿ ರಕ್ತದ ಹುಡುಗ ಸರ್ವೇಯರ್ ಒಂದು ತೆಂಗಿನಕಾಯಿ, ಚೂರು ಕುಂಕುಮ ತರಿಸಿ, ಎಲ್ಲರ ಎದುರಿಗೆ ಕಲ್ಲಿನ ಮೇಲೆ ಕಾಯಿ ಒಡೆದು ಹೇಳಿದ್ದ: “ಇದು ಇನ್ನು ಬರೀ ಕಲ್ಲಲ್ಲ. ಇದನ್ನ ಮುಟ್ಟಿದವನ ಕಾಲು ನೆಟ್ಟಗಿರೋದಿಲ್ಲ.” ಆಮೇಲೆ ಅವಳಿಗೊಬ್ಬಳಿಗೇ, “ದಿನಾ ನೀರು ಹಾಕಮ್ಮ. ನಿಲ್ಲಿಸಬೇಡ,” ಎಂದಿದ್ದ. ವರ್ಗವಾಗಿ ಹೋದ ಮೇಲೆ ಅವನು ಮರೆತ. ಅವಳು ನಿಲ್ಲಿಸಲಿಲ್ಲ.

ಮುಂಚೆ ಈ ಕಡೀಕೆ ಬಂದಿದ್ರಾ ಎಂದು ಕೇಳಿದ್ದು ಅದಕ್ಕೆ. ನಿಮ್ಗೆ ಗೊತ್ತಿಲ್ವಾ ಎಂದು ನಕ್ಕಿದ್ದೂ ಅದಕ್ಕೆ. ಸೋಮಶೇಖರರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಾರೆ ಹಿಡಿದ ಕೈಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

“ಏನೂ ಆಗ್ನಿಲ್ವಾ ಸಾ?”

ಚೆಲುವರಾಜು ಕೇಳಿದ. ಅವನು ಕಲ್ಲನ್ನು ನೋಡುತ್ತಿರಲಿಲ್ಲ. ಅವರ ಕಾಲುಗಳನ್ನು ನೋಡುತ್ತಿದ್ದ.

“ಕಾಲು ಚೆನ್ನಾಗವಲ್ಲ?” ಎಂದು ಬೇಲಿ ದಾಟಿದ. ಚಪ್ಪಲಿ ರಾಮಮ್ಮನ ದಂಟಿನ ಮಡಿಯ ಮೇಲೆ ಬಿತ್ತು. “ಅಂಗಾರೆ ನಮ್ಮಪ್ಪ ಇಷ್ಟ್ ವರ್ಸ ಸುಮ್ಕೆ ಎದುರ್ಕಂಡಿದ್ದ ಅನ್ನಿ!” ಎಂದು ನಗುತ್ತ, ತನ್ನ ಬೇಲಿಯಿಂದ ರಾಮಮ್ಮನ ತೆಂಗಿನಮರದ ತನಕ ಒಮ್ಮೆ ಕಣ್ಣು ಹಾಯಿಸಿದ. ಆ ನೋಟವನ್ನು ಸೋಮಶೇಖರ್ ಹೊಲ ಹೊಲದಲ್ಲಿ ಕಂಡಿದ್ದರು. ಈ ಮನುಷ್ಯ ಸಿಲಿಂಡರ್ ಹೊತ್ತು ತಂದದ್ದು ಯಾಕೆಂದು ಈಗ ಹೊಳೆಯಿತು. ಕಲ್ಲನ್ನು ತಿರುಗಿ ನೆಡುವುದು ದೊಡ್ಡದಲ್ಲ. ಕಿತ್ತರೆ ಏನೂ ಆಗುವುದಿಲ್ಲ ಎಂದು ಇವನಿಗೆ ಗೊತ್ತಾಗಿಬಿಟ್ಟಿತಲ್ಲ, ಅದನ್ನು ಎಲ್ಲಿ ಹೂಳುವುದು? ಕಾಲೂರಿದ ಆ ಮಡಿಯಿಂದ ಅವನು ನಾಳೆ ಇನ್ನೂ ಮುಂದಕ್ಕೆ ಬರುತ್ತಾನೆ.

“ಅಯ್ಯಮ್ಮಾ!” ಎಂದು ಚೀರಿ ಸೋಮಶೇಖರ್ ಎಡಗಾಲು ಹಿಡಿದುಕೊಂಡು ಕುಸಿದರು.

ನಾಟಕ ಆಡಿ ಗೊತ್ತಿಲ್ಲದವರು. ಕೂಗು ಸ್ವಲ್ಪ ಹೆಚ್ಚೇ ಆಯಿತು, ಬೀದಿಯ ಬಾಗಿಲುಗಳೆಲ್ಲ ತೆರೆದವು. ಚೆಲುವರಾಜು ಒಂದೇ ನೆಗೆತಕ್ಕೆ ಬೇಲಿಯ ಆಚೆಗಿದ್ದ.

“ಏನಾಯ್ತು ಸಾ?”

“ಕಾಲು ಕಣಯ್ಯ... ಮರಗಟ್ಟಿಹೋಯ್ತು. ಬಾ, ಕಲ್ಲು ಎತ್ತಿ ಇಡೋಣ, ಕೈ ಕೊಡು!”

“ಶಿವನೇ, ನಾನ್ ಬರಾಕಿಲ್ಲ!”

ಸೋಮಶೇಖರ್ ಮಣ್ಣಿನಲ್ಲಿ ತೆವಳುತ್ತ, ಅದೇ ಗುಂಡಿಗೆ, ಗೀಟಿನ ಗುರುತು ಮೇಲಾಗುವಂತೆ ಕಲ್ಲನ್ನು ಇಳಿಸಿದರು. ಅವರ ಕೈ ಮರೆಯದ ಕೆಲಸ ಅದು. ಮಣ್ಣು ಎಳೆದು ಗುದ್ದಿ ಬಿಗಿ ಮಾಡಿ, ಉದುರಿದ ಅರಿಶಿನದ ಚೂರುಗಳನ್ನು ಆಯ್ದು ಮೇಲಿಟ್ಟರು. ಓಡಿಬಂದ ಗೌರಮ್ಮಣ್ಣಿ ಅಳುತ್ತ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಬಾಗಿಲು ಹಾಕಿಕೊಂಡ ಮೇಲೆ ನಿಜ ತಿಳಿದು, ಅತ್ತದ್ದಕ್ಕೆಲ್ಲ ಸೇರಿಸಿ ಬೈದರು.

ರಾಮಮ್ಮನಿಗೆ ಸುದ್ದಿ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ಮೊದಲು ಹಿತ್ತಲಿಗೆ ಹೋಗಿ ಹಸಿ ಮಣ್ಣನ್ನು ನೋಡಿದರು. ಆಮೇಲೆ ಜಗಲಿಗೆ ಬಂದರು. ಸೋಮಶೇಖರ್ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಗೇಟಿನಲ್ಲಿ ಚೆಲುವರಾಜು, ಅವನ ಹಿಂದೆ ಕೇರಿಯ ಜನ.

“ಯಾವ ಕಾಲು ಸಾ?”

“ಎಡಗಾಲಮ್ಮ.”

“ವಾಸಿ ಆಯ್ತದಾ?”

ಸೋಮಶೇಖರ್ ಗೇಟಿನ ಕಡೆ ನೋಡಿದರು. “ಇಲ್ಲಮ್ಮ. ಇದು ವಾಸಿ ಆಗೋ ಕಾಲಲ್ಲ.”

ರಾಮಮ್ಮ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಸೆರಗಿನ ಗಂಟು ಬಿಚ್ಚಿ, ನಂಜನಗೂಡಿನಿಂದ ತಂದ ವಿಭೂತಿಯನ್ನು ಅವರ ಅಂಗೈಗೆ ಹಾಕಿದರು. “ನಾಳಿಂದ ನೀರು ಆಕ್ಲಾ ಸಾ?”

“ಹಾಕಮ್ಮ,” ಎಂದರು ಸೋಮಶೇಖರ್. “ದಿನಾ ಹಾಕು. ನಿಲ್ಲಿಸಬೇಡ.”

ರಾಮಮ್ಮನ ಕೈ ಅವರ ಅಂಗೈಯ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸೆರಗಿನ ಗಂಟು ಕಟ್ಟಿಕೊಂಡು ಹೋದರು.

ಕಾಂಪೌಂಡ್ ಎದ್ದಿತು. ಹಿತ್ತಲಿನ ಮೂಲೆಯಲ್ಲಿ ಮಾತ್ರ ಒಬ್ಬರು ಚೊಂಬು ಹಿಡಿದು ಬರುವಷ್ಟು ಸಂದು ಬಿಟ್ಟು ಕಟ್ಟಿಸಿದರು. ಮನೆಯೊಳಗೆ ಸೋಮಶೇಖರ್ ನೆಟ್ಟಗೆ ನಡೆಯುತ್ತಾರೆ, ಹೊಸ್ತಿಲು ದಾಟಿದರೆ ಕುಂಟುತ್ತಾರೆ. ಊರವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದವರ ಹಿಂದೆ ಈಗ ಒಂದು ಜೊತೆ ಕಣ್ಣು ಬಿದ್ದಿದೆ. ಟೀ ಅಂಗಡಿಯಿಂದ, ಬೈಕಿನ ಮೇಲಿಂದ, ಬೇಲಿಯ ಸಂದಿಯಿಂದ ಚೆಲುವರಾಜು ಅವರ ಕಾಲನ್ನೇ ನೋಡುತ್ತಾನೆ. ಡಾಕ್ಟರು ಏನಂದರು ಎಂದು ಕೇಳುತ್ತಾನೆ. ಸಿಲಿಂಡರನ್ನು ಈಗ ಅವರೇ ತರಿಸಿಕೊಳ್ಳಬೇಕು.

ಮೊನ್ನೆ ಸಂತೆಯ ದಿನ ಎರಡೂ ಕೈಯಲ್ಲಿ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕುಂಟುತ್ತ ಬರುತ್ತಿದ್ದರು. ಬಿಸಿಲು, ಭಾರ, ಮನೆಗೆ ಹೋಗಿ ಸೇರಿದರೆ ಸಾಕು ಎನ್ನುವ ಆಯಾಸ. ಎದುರಿನ ಟೀ ಅಂಗಡಿಯಲ್ಲಿ ಚೆಲುವರಾಜು ಲೋಟವನ್ನು ತುಟಿಗೆ ತಾಗಿಸಿಕೊಂಡೇ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಯಾಕೆಂದು ಸೋಮಶೇಖರರಿಗೆ ಹೊಳೆಯಲಿಲ್ಲ.

ರಸ್ತೆಯ ಬದಿಯಲ್ಲಿ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ರಾಮಮ್ಮ ತಲೆಯೆತ್ತದೆ, ಅವರಿಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು.

“ಎಡಗಾಲು, ಸಾ.”