ಕೊನೆಯ ಪುಟದಲ್ಲಿ ಬಿಟ್ಟುಹೋದ ಹೆಸರು

ಬೆಳಗಿನ ಆರು ಗಂಟೆ. ಚಿಕ್ಕೋಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಫರಹೀನ ಅವರ ಟೈಪಿಂಗ್ ಅಂಗಡಿ ಮಾತ್ರ. ಅಥಣಿಯ ವಿದ್ಯಾರ್ಥಿಯೊಬ್ಬನ ಸಂಶೋಧನಾ ಪ್ರಬಂಧದ ಕೊನೆಗೆ ಬರುವ ಆಕರಗಳ ಪಟ್ಟಿ ತಿದ್ದುತ್ತಿದ್ದಾರೆ. ಲೇಖಕ, ಪುಸ್ತಕ, ಪ್ರಕಾಶಕ, ವರ್ಷ. ಒಂದು ಕಡಿಮೆಯಾದರೂ ಫೋನು ಹೋಗುತ್ತದೆ. "ಪುಸ್ತಕದ ಮೊದಲನೇ ಪೇಜಿನ ಫೋಟೋ ಕಳಸಪಾ. ನೋಡದ ನಾ ಹೆಸರು ಹಾಕೂದಿಲ್ಲ."

ಪಿಯುಸಿಗೇ ಓದು ನಿಲ್ಲಿಸಿದ ಫರಹೀನ ಹದಿನಾರು ವರ್ಷಗಳಿಂದ ಇದೇ ಕೆಲಸದಲ್ಲಿದ್ದಾರೆ. ಪರೀಕ್ಷೆಯ ಹೊತ್ತಿಗೆ ದಿನಕ್ಕೆ ಎಂಬತ್ತು ಪುಟ. ಕುತ್ತಿಗೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ಕನ್ನಡ, ಮರಾಠಿ ಎರಡೂ ಬಲ್ಲವರೆಂದು ನಿಪ್ಪಾಣಿ, ಕಾಗವಾಡದವರೂ ಇಲ್ಲಿಗೇ ಬರುತ್ತಾರೆ. ಎಷ್ಟೋ ಪ್ರಬಂಧಗಳ ಮಾನ ಉಳಿಸಿದ ಇವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಅದಕ್ಕೆ ಅವರಿಗೆ ಬೇಸರವಿಲ್ಲ. ಬೇಸರ ಬೇರೆಯೇ ಇದೆ.

ಎರಡು ವರ್ಷದ ಹಿಂದೆ ಕಬ್ಬೂರಿನ ವಿದ್ಯಾರ್ಥಿನಿ ಕೋಮಲ ಬಿತ್ತನೆ ಬೀಜ ಕಾಪಿಡುವ ಹಳೆಯ ಪದ್ಧತಿಗಳ ಮೇಲೆ ಪ್ರಬಂಧ ಬರೆದಳು. ಬೂದಿ ಎಷ್ಟು, ಬೇವಿನೆಲೆ ಎಷ್ಟು, ಎಲ್ಲ ಹೇಳಿಕೊಟ್ಟವರು ಪಕ್ಕದ ಮನೆಯ ಸಾವಿತ್ರೆವ್ವ. ಆಕರಗಳ ಪಟ್ಟಿಯ ತುದಿಗೆ ಕೋಮಲ ಆ ಹೆಸರನ್ನೂ ಬರೆದಿದ್ದಳು. ಪ್ರಕಾಶಕರಿಲ್ಲ, ವರ್ಷವಿಲ್ಲ. ಮರುದಿನವೇ ಸಲ್ಲಿಸಬೇಕು, ಕೋಮಲಳ ಫೋನು ಹತ್ತಲಿಲ್ಲ. ಫರಹೀನ ತಮ್ಮ ನಿಯಮದಂತೆ ಆ ಸಾಲು ತೆಗೆದುಹಾಕಿದರು. ಪ್ರಬಂಧ ಹಾಗೆಯೇ ಬೈಂಡ್ ಆಗಿ ಕಾಲೇಜು ಸೇರಿತು.

ತನ್ನ ಪ್ರತಿಯನ್ನು ಕೋಮಲ ಸಾವಿತ್ರೆವ್ವನ ಮನೆಗೆ ಒಯ್ದಾಗ, ಓದು ಬಾರದ ಮುದುಕಿ ಕೇಳಿದ್ದು ಒಂದೇ: "ನನ್ನ ಹೆಸರು ಎಲ್ಲೈತಿ, ಬೆರಳಿಟ್ಟು ತೋರಸ." ಬೆರಳಿಡಲು ಜಾಗವಿರಲಿಲ್ಲ.

ಸುದ್ದಿ ತಿಳಿದ ಫರಹೀನ ಕಬ್ಬೂರಿಗೆ ಓಡಿದರು. "ಬೈತಾರಂತ ಹೋಗಿದ್ನಿರಿ. ಚಾ ಕೊಟ್ರು. 'ಇರಲಿ ಬಿಡ ಮಗಳ, ನಾ ಏನ್ ಪುಸ್ತಕ ಬರದೇನೇನು' ಅಂದ್ರು. ಬೈದಿದ್ರ ಚಲೋ ಆಗ್ತಿತ್ರಿ."

ಈಗ ಅವರು ಎಲ್ಲ ವಿದ್ಯಾರ್ಥಿಗಳನ್ನೂ ಕೇಳುತ್ತಾರೆ: "ಪುಸ್ತಕದಾಗ ಇಲ್ಲದ್ದು ಯಾರು ಹೇಳಿದ್ರು?" ಹೇಳಿದವರ ಹೆಸರು, ಊರು, ಮಾತಾಡಿದ ದಿನಾಂಕ ಪಟ್ಟಿಗೆ ಸೇರುತ್ತವೆ. ಕಾಲೇಜಿನಲ್ಲಿರುವ ಕೋಮಲಳ ಪ್ರಬಂಧದ ಪ್ರತಿ ಬದಲಿಸಲು ಮಾತ್ರ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.

ಫರಹೀನ ಡ್ರಾವರಿನಿಂದ ಒಂದು ಹಾಳೆ ತೆಗೆದು ತೋರಿಸುತ್ತಾರೆ. ಅದೇ ಕೊನೆಯ ಪುಟ, ಸಾವಿತ್ರೆವ್ವನ ಹೆಸರು ಸೇರಿಸಿ ಮತ್ತೆ ಟೈಪ್ ಮಾಡಿದ್ದು. ಅಂಚು ಹಳದಿಯಾಗಿದೆ.

"ಒಂದಿಲ್ಲೊಂದು ದಿನ ಇದನ್ನ ಆ ಪುಸ್ತಕದಾಗ ಹಚ್ಚಬೇಕ್ರಿ," ಎನ್ನುತ್ತಾರೆ. ಹೆಸರಿನ ಮೇಲೆ ಬೆರಳಿಡುತ್ತಾರೆ. "ತೋರಸಬೇಕಂದ್ರ ಅವರು ಹೋದ ಯುಗಾದಿಗೇ ತೀರಿಕೊಂಡ್ರರಿ."